ದೀಪ ಆರಿದ ಮೇಲಿನ ಪುಟಗಳು

ನಮ್ಮ ಪಿಜಿಯಲ್ಲಿ ಒಂದು ಪುಸ್ತಕವಿತ್ತು. ಬ್ರೌನ್ ಪೇಪರಿನ ಬೈಂಡು, ಮೇಲೆ ‘ಭಾರತದ ಅರ್ಥವ್ಯವಸ್ಥೆ’ ಎಂಬ ಲೇಬಲ್ಲು. ಒಳಗಿದ್ದದ್ದು ಮಾತ್ರ ಇಂಗ್ಲಿಷ್ ರೊಮ್ಯಾನ್ಸ್ ಕಾದಂಬರಿ! ಆರು ಹುಡುಗಿಯರ ಕೈ ದಾಟಿ ನನಗೆ ಸಿಗುವಷ್ಟರಲ್ಲಿ ಅದರ ಕೆಲವು ಪುಟಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಯಾವ ಪುಟಗಳು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಊರಿಗೆ ಹೋಗುವ ಬಸ್ಸಿನಲ್ಲಿ ಓದಲು ಶುರು ಮಾಡಿದೆ. ಮಳೆಯಲ್ಲಿ ನೆನೆದ ಹೀರೊ, ಹೀರೊಯಿನ್ ಮನೆಯೊಳಗೆ ಬಂದರು. ಅಷ್ಟಕ್ಕೇ ನನ್ನ ಕಿವಿ ಬಿಸಿಯಾಯಿತು. ಪಕ್ಕದ ಸೀಟಿನ ಅಜ್ಜಿ ಕಡಲೆಕಾಯಿ ಬಿಡಿಸುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತೋ ಇಲ್ಲವೋ, ನಾನಂತೂ ಪಟಪಟನೆ ಎಂಟು ಪುಟ ಹಾರಿಸಿದೆ.

ಹೀಗೆ ಹಾರಿಸುವುದು ನಮಗೆ ಹೊಸದೇನಲ್ಲ. ಡಿಗ್ರಿಯಲ್ಲಿ ಪಂಪನ ‘ಆದಿಪುರಾಣ’ ಪಾಠವಿತ್ತು. ಶ್ರೀಮತಿ, ವಜ್ರಜಂಘ ಅಪ್ಪಿಕೊಂಡೇ ಧೂಪದ ಹೊಗೆಗೆ ಪ್ರಾಣ ಬಿಡುವ ಭಾಗ ಬಂದಾಗ ಮೇಷ್ಟ್ರು, ‘ಇದನ್ನು ನೀವೇ ಓದಿಕೊಳ್ಳಿ’ ಎಂದು ಮುಂದೆ ಹೋದರು. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. 941ರಲ್ಲಿ ಪಂಪ ಸಂಕೋಚವಿಲ್ಲದೆ ಬರೆದದ್ದನ್ನು ನಮಗೆ ಕ್ಲಾಸಿನಲ್ಲಿ ಕೇಳಲಾಗಲಿಲ್ಲ. ಕಾದಂಬರಿಗಳ ಕಾಲದಲ್ಲೂ ಇದೇ ಜಗಳ. ಅನಕೃ ವೇಶ್ಯೆಯರ ಬದುಕಿನ ಬಗ್ಗೆ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. ಅದಕ್ಕೆ ಉತ್ತರವಾಗಿ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು.

ಊರಿನಲ್ಲಿ ನಾನು ಸಿಕ್ಕಿಬಿದ್ದೆ. ಒಗೆಯುವ ಬಟ್ಟೆಗೆಂದು ಬ್ಯಾಗ್ ತೆಗೆದ ಅಮ್ಮನ ಕೈಗೆ ‘ಅರ್ಥವ್ಯವಸ್ಥೆ’ ಸಿಕ್ಕಿತು. ತೆರೆದಳು. ಆ ಪುಟಗಳೇ ತೆರೆದುಕೊಂಡವು! ಅಮ್ಮ ಪಿಯುಸಿವರೆಗೆ ಓದಿದವಳು. ಮದುವೆಗೆ ಮುಂಚೆ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಸಾಯಿಸುತೆ, ಉಷಾ ನವರತ್ನರಾಂ ಕಾದಂಬರಿ ತಂದು ಒಂದೇ ರಾತ್ರಿಗೆ ಮುಗಿಸುತ್ತಿದ್ದಳಂತೆ. ಅರ್ಧ ಪುಟ ಓದಿದಳು. ನಾನು ಬೈಗುಳಕ್ಕೆ ಕಾದು ನಿಂತೆ.

‘ನಮ್ಮ ಕಾದಂಬರಿಗಳಲ್ಲಿ ಇಷ್ಟೊತ್ತಿಗೆ ದೀಪ ಆರಿಬಿಡ್ತಿತ್ತು ಕಣೇ’ ಎಂದಳು. ಇಬ್ಬರೂ ನಕ್ಕೆವು.

ಸಂಜೆ ಅವರೆಕಾಯಿ ಸುಲಿಯುವಾಗ ಅವಳೇ ಮತ್ತೆ ಮಾತು ತೆಗೆದಳು. ‘ದೀಪ ಆರಿದ ಮೇಲೆ ಏನು ಅಂತ ನಮಗ್ಯಾರೂ ಹೇಳಿರಲಿಲ್ಲ. ಹತ್ತೊಂಬತ್ತಕ್ಕೆ ಮದುವೆ. ಇವತ್ತು ಬೇಡ ಅಂತ ಹೇಳಬಹುದು ಅನ್ನೋದೇ ಗೊತ್ತಿರಲಿಲ್ಲ.’ ಅಷ್ಟು ಹೇಳಿ ಸಿಪ್ಪೆ ಬಾಚಿಕೊಂಡು ಎದ್ದು ಹೋದಳು.

ಆ ರಾತ್ರಿ ಹಾರಿಸಿದ ಎಂಟೂ ಪುಟ ಓದಿದೆ. ಕಿವಿ ಬಿಸಿಯಾಗಲಿಲ್ಲ, ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಹೀರೊಯಿನ್ ಎರಡು ಸಲ ‘ಬೇಡ’ ಅನ್ನುತ್ತಾಳೆ, ಅವನು ನಿಲ್ಲಿಸುವುದಿಲ್ಲ. ಕಾದಂಬರಿ ಅದನ್ನೇ ಗಾಢ ಪ್ರೇಮ ಎನ್ನುತ್ತದೆ. ಆಮೇಲೆ ಓದಿದ ಇನ್ನೊಂದು ಕಾದಂಬರಿಯಲ್ಲಿ ವರ್ಣನೆ ಇದಕ್ಕಿಂತ ಬಿಚ್ಚಾಗಿತ್ತು. ಆದರೆ ಅಲ್ಲಿ ಅವನು ಕೇಳುತ್ತಾನೆ, ಅವಳು ಹೂಂ ಅನ್ನುತ್ತಾಳೆ. ಒಂದು ಪುಟವನ್ನೂ ಹಾರಿಸಬೇಕು ಅನ್ನಿಸಲಿಲ್ಲ.

ಆಗ ತಿಳಿಯಿತು, ಮುಜುಗರದಲ್ಲಿ ಎರಡು ಥರ. ಒಂದು, ಪಕ್ಕದ ಸೀಟಿನ ಅಜ್ಜಿ ನೋಡಿದರೆ ಎಂಬುದು. ಇನ್ನೊಂದು, ಕಥೆಯೊಳಗೆ ಏನೋ ಸರಿಯಿಲ್ಲ ಎಂದು ಮನಸ್ಸು ಹೇಳುವುದು. ಮೊದಲನೆಯದನ್ನು ಬೈಂಡು ಮುಚ್ಚುತ್ತದೆ. ಎರಡನೆಯದಕ್ಕೆ ಕಿವಿಗೊಡಬೇಕು. ಇಂಥ ಪುಟಗಳು ಇಷ್ಟವಿಲ್ಲದಿದ್ದರೆ ಹಾರಿಸಿ, ನೀವು ಹಳೇ ಕಾಲದವರೇನೂ ಆಗುವುದಿಲ್ಲ. ಓದಿದರೆ ಕೆಟ್ಟವರೂ ಆಗುವುದಿಲ್ಲ. ಯಾವ ಮುಜುಗರಕ್ಕೆ ಹಾರಿಸುತ್ತಿದ್ದೇವೆ ಎಂದು ಮಾತ್ರ ಒಮ್ಮೆ ಕೇಳಿಕೊಳ್ಳೋಣ.

ಪಿಜಿಗೆ ಮರಳಿದಾಗ ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ‘ಅವಳು ಬೇಡ ಅಂದಳಲ್ವಾ?’ ಎಂದು ಬರೆದು ಪುಸ್ತಕವನ್ನು ಮುಂದಿನವಳಿಗೆ ಕೊಟ್ಟೆ. ಎರಡು ತಿಂಗಳ ನಂತರ ಅದು ಮತ್ತೆ ಕಣ್ಣಿಗೆ ಬಿತ್ತು. ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ಮೂರು ಸಾಲುಗಳಿದ್ದವು. ಮೊದಲನೆಯದು, ‘ನನಗೂ ಹಾಗೇ ಅನ್ನಿಸಿತು.’