ಜೋಳದ ರೊಟ್ಟಿ, ತೊಗರಿಬೇಳೆ

ಮಕ್ಕಳೇ, ಧಾರೂರು, ತಾಂಡೂರು, ಜಹೀರಾಬಾದ್ ಕಡೆಯ ಹೊಲಗಳನ್ನು ನೀವು ನೋಡಿದ್ದೀರಿ. ಕೆಲವು ಹೊಲಗಳಲ್ಲಿ ಜೋಳದ ಸಾಲುಗಳ ನಡುವೆ ತೊಗರಿಯ ಸಾಲುಗಳಿರುತ್ತವೆ. ಹೊಲದಲ್ಲಿ ಜೊತೆಯಾಗಿ ಬೆಳೆಯುವ ಇವೆರಡೂ ಊಟದ ತಟ್ಟೆಯಲ್ಲಿಯೂ ಜೊತೆಯಾಗಿರಬೇಕು. ಏಕೆ? ತಿಳಿಯೋಣ.

ಓಡಲು, ಆಡಲು, ಓದಲು ನಮಗೆ ಶಕ್ತಿ ಬೇಕು. ಜೋಳ, ಅಕ್ಕಿ, ಗೋಧಿಗಳಲ್ಲಿರುವ ಪಿಷ್ಟವು ಶಕ್ತಿಯನ್ನು ಕೊಡುತ್ತದೆ. ಎಣ್ಣೆ, ತುಪ್ಪ, ಶೇಂಗಾಗಳಲ್ಲಿರುವ ಕೊಬ್ಬು ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಕೊಡುತ್ತದೆ. ಆದ್ದರಿಂದ ಕೊಬ್ಬು ಸ್ವಲ್ಪವಿದ್ದರೆ ಸಾಕು.

ದೇಹ ಬೆಳೆಯಲು, ಗಾಯ ಮಾಯಲು ಪ್ರೋಟೀನು ಬೇಕು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇದೆ. ಅಷ್ಟೇ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ. ಪ್ರೋಟೀನಿನಲ್ಲಿ ಹಲವು ಸಣ್ಣ ಅಂಶಗಳಿವೆ. ಲೈಸೀನ್ ಎಂಬ ಅಂಶ ಜೋಳದಲ್ಲಿ ಕಡಿಮೆ, ತೊಗರಿಯಲ್ಲಿ ಹೆಚ್ಚು. ತೊಗರಿಯಲ್ಲಿ ಕಡಿಮೆ ಇರುವ ಅಂಶವನ್ನು ಜೋಳ ಒದಗಿಸುತ್ತದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಲು, ಮೊಟ್ಟೆ, ಮೀನುಗಳಲ್ಲಿಯೂ ಒಳ್ಳೆಯ ಪ್ರೋಟೀನು ಇದೆ.

ರೊಟ್ಟಿ, ಬೇಳೆ ಇದ್ದರೆ ಸಾಕೇ? ಸಾಲದು. ಜೀವಸತ್ವಗಳು ಮತ್ತು ಖನಿಜಗಳು ಸ್ವಲ್ಪವೇ ಬೇಕು. ಆದರೆ ದಿನವೂ ಬೇಕು. ಜೀವಸತ್ವ 'ಎ' ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ. ಸೊಪ್ಪು, ಗಜ್ಜರಿ, ಪರಂಗಿ ಹಣ್ಣುಗಳನ್ನು ತಿಂದರೆ ಅದನ್ನು ತಡೆಯಬಹುದು. ಎಲುಬು, ಹಲ್ಲುಗಳು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಅದು ರಾಗಿ, ಹಾಲುಗಳಲ್ಲಿದೆ. ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ಸೊಪ್ಪಿನ ಬೇಳೆಗೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣವನ್ನು ದೇಹವು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಆಹಾರ ಜೀರ್ಣವಾಗಲು ನಾರು ಮತ್ತು ನೀರು ಸಹ ಬೇಕು.

ಇವೆಲ್ಲವನ್ನೂ ಪೇಟೆಯಿಂದಲೇ ತರಬೇಕಾಗಿಲ್ಲ. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಜೋಳ, ನವಣೆ, ಸಜ್ಜೆ ಮೊದಲಾದ ಬೀಜಗಳನ್ನು ಕಾಪಾಡಿಕೊಂಡು ಬಂದವು. ಬಿತ್ತದೆ ಹೊಲದಲ್ಲಿ ತಾನಾಗಿ ಬೆಳೆಯುವ ಸೊಪ್ಪುಗಳೂ ಆಹಾರವೆಂದು ತೋರಿಸಿದವು. ಈ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು.

ಹೀಗಿದ್ದರೂ ಒಂದು ಚಿಂತೆಯ ಸಂಗತಿಯಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಪ್ರತಿ 100 ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆ ಇದ್ದವರಿಗೆ ಬೇಗ ಆಯಾಸವಾಗುತ್ತದೆ. ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ತಾಯಿ ಉಣ್ಣುತ್ತಾಳೆ. ಆಗ ಬೇಳೆ, ಪಲ್ಯ ತಳ ಕಂಡಿರುತ್ತವೆ.

ಮಕ್ಕಳೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ತಟ್ಟೆಯಲ್ಲಿ ಏನೇನಿದೆ ನೋಡಿರಿ. ಅಮ್ಮನ ಪಾಲಿನ ಬೇಳೆ, ಸೊಪ್ಪು ಉಳಿದಿದೆಯೇ ಎಂಬುದನ್ನೂ ನೋಡಿರಿ. ಅಮ್ಮನನ್ನೂ ಜೊತೆಯಲ್ಲಿಯೇ ಊಟಕ್ಕೆ ಕರೆಯಿರಿ.