ಕಾಡಿನ ಹುಲಿಗೆ ಮದ್ದು ಕೊಡುವವರು ಯಾರು?

ಒಂದೆರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಬಾಲಿಕೆಯರನ್ನು ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. 1892ರಲ್ಲಿ ಸ್ಥಾಪಿತವಾದ ಆ ಸ್ಥಳವನ್ನು ನೋಡದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳ. ಹುಲಿಯ ಆವರಣದ ಮುಂದೆ ನಿಂತಿದ್ದಾಗ, ಹೆಗ್ಗಡದೇವನಕೋಟೆಯ ಕಡೆಯಿಂದ ಬಂದು ನಮ್ಮ ಬೋರ್ಡಿಂಗಿನಲ್ಲಿರುವ ಹುಡುಗಿಯೊಬ್ಬಳು, “ಟೀಚರ್, ಈ ಹುಲಿಗೆ ಕಾಯಿಲೆಯಾದರೆ ಡಾಕ್ಟರು ಬರುತ್ತಾರೆ. ನಮ್ಮೂರ ಕಾಡಿನ ಹುಲಿಗೆ ಮದ್ದು ಕೊಡುವವರು ಯಾರು?” ಎಂದು ಕೇಳಿದಳು. ಆಗ ನಾನು ಕೊಟ್ಟ ಉತ್ತರವು ನನಗೇ ತೃಪ್ತಿಕರವಾಗಿರಲಿಲ್ಲ. ಆ ಮೇಲೆ ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆದಿರುತ್ತೇನೆ.

ಕಾಡಿನ ಹುಲಿಗೆ ವೈದ್ಯನಿಲ್ಲ; ಅದರ ಆರೋಗ್ಯವೆಲ್ಲವೂ ಅದರ ಬೇಟೆಯಲ್ಲಿದೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಗಳಂಥ ಸುಮಾರು 50 ಪ್ರಾಣಿಗಳು ಬೇಕಾಗುವುವು. ನಾಗರಹೊಳೆಯಲ್ಲಿ ಡಾಕ್ಟರ್ ಉಲ್ಲಾಸ ಕಾರಂತರೂ ಅವರ ಸಂಗಡಿಗರೂ 1991ರಿಂದ 2000ದ ವರೆಗೆ ನಡಿಸಿದ ಪರಿಶೀಲನೆಯಲ್ಲಿ, ವರ್ಷಕ್ಕೆ 100ಕ್ಕೆ ಸುಮಾರು 23 ಹುಲಿಗಳು ಸತ್ತೋ ಬೇರೆಡೆಗೆ ಹೋಗಿಯೋ ಇಲ್ಲವಾಗುತ್ತಿದ್ದರೂ ಒಟ್ಟು ಸಂಖ್ಯೆಯು ಕುಗ್ಗಲಿಲ್ಲವೆಂದು ಕಂಡುಬಂದಿತು. ಬೇಟೆಯು ಸಮೃದ್ಧವಾಗಿದ್ದುದರಿಂದ ಮರಿಗಳು ಬೆಳೆದು ಆ ಸ್ಥಳವನ್ನು ತುಂಬಿದುವು. ಬೇಟೆಯಾಡಲಾರದ ಹುಲಿಗಾದರೋ ಸಣ್ಣ ಗಾಯವೂ ಮಾರಕವಾಗುವುದು. 1907ರಲ್ಲಿ ಜಿಮ್ ಕಾರ್ಬೆಟ್ ಸಾಹೇಬರು ಕುಮಾವೂ ಸೀಮೆಯ ಚಂಪಾವತದಲ್ಲಿ ಕೊಂದ ನರಭಕ್ಷಕ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಿಂದೆ ಯಾರೋ ಹೊಡೆದ ಗುಂಡಿನಿಂದ ಮುರಿದುಹೋಗಿದ್ದುವು. ನೋಯುವ ಬಾಯಿಯಿಂದ ಕಡವೆಯನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ಬಿದ್ದಿತು. ಕ್ರೌರ್ಯವೆಂದು ನಾವು ಕರೆಯುವುದು ಎಷ್ಟೋ ವೇಳೆ ಹಲ್ಲುನೋವೇ ಆಗಿರುತ್ತದೆ.

ಬೋನಿನ ಹುಲಿಗೆ ಹಸಿವಿನ ಭಯವಿಲ್ಲ. ಅದು 20 ವರ್ಷಗಳ ವರೆಗೂ ಬದುಕುವುದುಂಟು. ಆದುದರಿಂದಲೇ ಕಾಡಿನಲ್ಲಿ ಅಪರೂಪವಾದ ಮುಪ್ಪಿನ ಬೇನೆಗಳು, ಮುಖ್ಯವಾಗಿ ಮೂತ್ರಪಿಂಡದ ರೋಗ, ಅಲ್ಲಿ ಕಾಣಿಸಿಕೊಳ್ಳುವುವು. ಮರಿಗೆ ಎಲುಬಿಲ್ಲದ ಮೆತ್ತನೆಯ ಮಾಂಸವನ್ನೇ ಕೊಟ್ಟು ಸಾಕಿದರೆ ಸುಣ್ಣದ ಅಂಶವು ಸಾಲದೆ ಅದರ ಕಾಲುಗಳು ಸೊಟ್ಟಗಾಗುವುವು. ಒಳ್ಳೆಯದನ್ನೇ ಉಣಿಸುತ್ತೇವೆಂದುಕೊಳ್ಳುವ ತಾಯಂದಿರು ಇದನ್ನು ಗಮನಿಸಬಹುದು!

ಆದರೆ ಬೋನಿನ ಹುಲಿಯು ತನ್ನ ಊಟವನ್ನೂ ನೆರೆಯನ್ನೂ ತಾನೇ ಆರಿಸಿಕೊಳ್ಳಲಾರದು. 2000ದ ಜುಲೈ ತಿಂಗಳಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಕೆಲವೇ ದಿನಗಳೊಳಗೆ 12 ಹುಲಿಗಳು ಸತ್ತುವು. ಕಾರಣವು ಸರ್ರಾ ರೋಗ. ದನ ಕುದುರೆಗಳ ರಕ್ತವನ್ನು ಹೀರುವ ದೊಡ್ಡ ನೊಣಗಳು ಇದರ ಸೂಕ್ಷ್ಮಜೀವಿಯನ್ನು ಹರಡುವುವು. 2004ರಲ್ಲಿ ಥಾಯ್ಲೆಂಡಿನ ಶ್ರೀರಾಚಾ ಎಂಬಲ್ಲಿ 441 ಹುಲಿಗಳಿದ್ದ ಒಂದು ತಾಣದಲ್ಲಿ ಹಸಿ ಕೋಳಿಮಾಂಸದ ಮೂಲಕ ಹಕ್ಕಿಜ್ವರವು ಹೊಕ್ಕಿತು. ಸತ್ತವೂ, ಸೋಂಕು ತಡೆಯಲೆಂದು ಕೊಲ್ಲಲ್ಪಟ್ಟವೂ ಕೂಡಿ 147. 2024ರ ಡಿಸೆಂಬರಿನಲ್ಲಿ ನಾಗಪುರದ ಗೋರೇವಾಡಾದಲ್ಲಿ ಅದೇ ಜ್ವರವು 3 ಹುಲಿಗಳನ್ನೂ ಒಂದು ಚಿರತೆಯನ್ನೂ ಬಲಿತೆಗೆದುಕೊಂಡಿತು.

ಇನ್ನು ನನ್ನನ್ನು ಅತಿಯಾಗಿ ಚಿಂತೆಗೆ ಗುರಿಪಡಿಸಿದ ವ್ಯಾಧಿಯು ನಾಯಿಗಳ ಡಿಸ್ಟೆಂಪರ್. ನಮ್ಮ ಮಕ್ಕಳಿಗೆ ಬರುವ ದಡಾರಕ್ಕೂ, ದನಗಳನ್ನು ಹಿಂದೆ ಹಿಂಡುಹಿಂಡಾಗಿ ಕೊಂದು 2011ರಲ್ಲಿ ಲೋಕದಿಂದಲೇ ನಿರ್ಮೂಲವಾದ ದೊಡ್ಡರೋಗಕ್ಕೂ ಇದು ಹತ್ತಿರದ ಬಂಧು. ಶ್ವಾಸಕೋಶವನ್ನು ಹಿಡಿದು ಕೊನೆಗೆ ಮಿದುಳಿಗೂ ಏರುವುದು. 2003ರಲ್ಲಿ ರಷ್ಯಾದ ಪೂರ್ವತುದಿಯ ಪೊಕ್ರೋವ್ಕಾ ಎಂಬ ಹಳ್ಳಿಗೆ ಹೆಣ್ಣುಹುಲಿಯೊಂದು ಹಾಡುಹಗಲೇ ಬಂದಿತು. ಅದಕ್ಕೆ ಮನುಷ್ಯರ ಅಂಜಿಕೆಯೇ ಇರಲಿಲ್ಲ. ಸೆರೆಹಿಡಿದು ಉಪಚರಿಸಿದರೂ ಅದು ಉಳಿಯಲಿಲ್ಲ. ಮಿದುಳಿಗೆ ಡಿಸ್ಟೆಂಪರ್ ತಗಲಿತ್ತೆಂಬುದು ಆಮೇಲಿನ ಪರೀಕ್ಷೆಗಳಿಂದ ಗೊತ್ತಾಯಿತು. ಅದೇ ಪ್ರಾಂತದ ಸಿಖೋಟೆ ಅಲೀನ್ ರಕ್ಷಿತಾರಣ್ಯದಲ್ಲಿ 2007ರಲ್ಲಿ 38 ಇದ್ದ ಹುಲಿಗಳು 2012ಕ್ಕೆ 9 ಆದುವು. ಕಳ್ಳಬೇಟೆಯೂ ಇದರೊಡನೆ ಸೇರಿತ್ತೆಂದು ಹೇಳಲೇಬೇಕು. ನಮ್ಮ ದೇಶದ ಗಿರ್ ಅರಣ್ಯದಲ್ಲಿ 2018ರಲ್ಲಿ ಇದೇ ರೋಗವು ಕಾಣಿಸಿಕೊಂಡು ಒಂದೆರಡು ತಿಂಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತುವು. ಹೊರದೇಶದಿಂದ ಲಸಿಕೆಯನ್ನು ತರಿಸಬೇಕಾಯಿತು.

ಲಸಿಕೆಯನ್ನು ನಾಯಿಗೆ ಹಾಕುವುದೋ ಹುಲಿಗೆ ಹಾಕುವುದೋ ಎಂಬುದು ಪಂಡಿತರಲ್ಲಿ ದೊಡ್ಡ ಚರ್ಚೆ. 2020ರಲ್ಲಿ ಪ್ರಕಟವಾದ ಶೋಧನೆಯೊಂದರ ಪ್ರಕಾರ, ರಷ್ಯಾದ ಆ ಕಾಡಿನಲ್ಲಿ ರೋಗವನ್ನು ಉಳಿಸಿಕೊಂಡಿರುವುವು ಮುಖ್ಯವಾಗಿ ಅಲ್ಲಿಯ ಕಾಡುಪ್ರಾಣಿಗಳೇ. ಊರ ನಾಯಿಗಳಿಗೆಲ್ಲ ಲಸಿಕೆ ಹಾಕಿದರೂ ಸಾಲದು. ವರ್ಷಕ್ಕೆ ಎರಡೇ ಹುಲಿಗಳಿಗೆ ಚುಚ್ಚಿದರೆ, 50 ವರ್ಷಗಳಲ್ಲಿ ಆ ಗುಂಪು ನಾಶವಾಗುವ ಸಂಭವವು 100ಕ್ಕೆ ಸುಮಾರು 16ರಿಂದ 6ಕ್ಕೆ ಇಳಿಯುವುದಂತೆ. ಕಾಡುಮೃಗವನ್ನು ಹಿಡಿದು ಚುಚ್ಚಬಾರದೆಂದು ವಾದಿಸುವವರೂ ಇದ್ದಾರೆ. ದೊಡ್ಡ ಕಾಡಿನಲ್ಲಿ ಬೇಟೆಯು ಸಮೃದ್ಧವಾಗಿದ್ದರೆ ಅವರ ಮಾತು ಸರಿಯೆಂದೇ ನನಗೆ ತೋರುತ್ತದೆ. ಒಂಬತ್ತೇ ಹುಲಿಗಳು ಉಳಿದ ಕಡೆ ಹಾಗೆ ಹೇಳಿ ಸುಮ್ಮನಿರಲಾರೆ.

ಇದನ್ನೆಲ್ಲ ತರಗತಿಯಲ್ಲಿ ವಿವರಿಸಿದಾಗ ಅದೇ ಹುಡುಗಿಯು ಎದ್ದುನಿಂತು, ತಮ್ಮ ಮನೆಯ ನಾಯಿಯು ದನಗಳ ಹಿಂದೆ ಕಾಡಂಚಿಗೆ ಹೋಗುತ್ತದೆಂದೂ, ಅದಕ್ಕೆ ಸೂಜಿಮದ್ದು ಹಾಕಿಸಿದೆಯೆಂದೂ ಹೇಳಿದಳು. ವಿಚಾರಿಸಲಾಗಿ ಅದು ಹುಚ್ಚುನಾಯಿ ರೋಗದ ಲಸಿಕೆ. ಅದರಿಂದ ಡಿಸ್ಟೆಂಪರ್ ತಡೆಯಲ್ಪಡುವುದಿಲ್ಲ. ಇದಕ್ಕೆ ಬೇರೆಯೇ ಲಸಿಕೆಯುಂಟು, ಸಾಧ್ಯವಾದರೆ ಮರಿಯಾಗಿರುವಾಗಲೇ ಅದನ್ನು ಹಾಕಿಸತಕ್ಕದ್ದು. ದಸರಾ ರಜೆಯಲ್ಲಿ ಅವಳ ತಂದೆಯವರು ತಾಲ್ಲೂಕಿನ ಪಶುವೈದ್ಯರನ್ನು ಕೇಳಿ, ಆ ಲಸಿಕೆಯನ್ನು ಮೈಸೂರಿನಿಂದ ತರಿಸಿ ಹಾಕಿಸಿದರು. ಪಕ್ಕದ ಎರಡು ಮನೆಯವರೂ ತಮ್ಮ ನಾಯಿಗಳನ್ನು ಹಗ್ಗ ಕಟ್ಟಿ ಕರೆತಂದರಂತೆ.