ಲಂಡನ್ನಿನವರಿಗೆ ಬಿಸಿಲೆಂದರೆ ಯಾಕಷ್ಟು ಹಿಗ್ಗು?

ಪ್ರಶ್ನೆ: 25 ಡಿಗ್ರಿಗೇ ಲಂಡನ್ನಿನವರು ಅಂಗಿ ಬಿಚ್ಚಿ ಪಾರ್ಕಿನಲ್ಲಿ ಮಲಗುತ್ತಾರಂತೆ, ನಿಜವೆ? (ಗುಡೂರಿನ ಓದುಗರು)

ಉತ್ತರ: ನಿಜ. ಊಟದ ಬಿಡುವಿನಲ್ಲಿ ಬೂಟು ಕಳಚಿ ಹೈಡ್ ಪಾರ್ಕಿನ ಹುಲ್ಲಿನ ಮೇಲೆ ಅಂಗಾತ ಬೀಳುತ್ತಾರೆ. ಸಂಜೆ ಪಬ್ಬಿನ ಮುಂದೆ ಬೀದಿಯಲ್ಲೇ ಗ್ಲಾಸು ಹಿಡಿದು ಹರಟುತ್ತಾರೆ. ಮರುದಿನ ಮೂಗು ಕೆಂಪು! ಈ ಹಿಗ್ಗಿಗೆ ಕಾರಣವಿದೆ: ಡಿಸೆಂಬರಿನಲ್ಲಿ ಅಲ್ಲಿ ಹಗಲು 8 ತಾಸಿನ ಆಸುಪಾಸು, ಜೂನಿನಲ್ಲಿ 16 ದಾಟುತ್ತದೆ. ಚಳಿಗಾಲದ ಓರೆಬಿಸಿಲಿಗೆ ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ಕೂಡ ಹುಟ್ಟದು. ಏಪ್ರಿಲ್ ಬಂತೆಂದರೆ ಬೇವಿನ ನೆರಳು ಹುಡುಕುವ ನಮಗೆ ಅವರ ಬಿಸಿಲಿನ ಮೋಹ ಹುಚ್ಚಾಟ ಅನಿಸೀತು. ಆದರೆ 2022ರ ಜುಲೈ 19ರಂದು ಇಂಗ್ಲೆಂಡಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಮುಟ್ಟಿದಾಗ ಅವರೂ ಕಂಗಾಲಾದರು. ಮನೆಗಳು ಬೆಚ್ಚಗಿರಲೆಂದೇ ಕಟ್ಟಿದವು, ಏಸಿ ಅಪರೂಪ. ಹಿಂದಿನ ದಿನ ಲಂಡನ್ ಬಳಿಯ ಲೂಟನ್ ವಿಮಾನ ನಿಲ್ದಾಣದ ರನ್‌ವೇಯೇ ಬಿಸಿಲಿಗೆ ಕೆಟ್ಟು, ಹಾರಾಟ ನಿಲ್ಲಿಸಬೇಕಾಯಿತು.